ಮನಸ್ಸು ಒಪ್ಪದ ರೂಢಿ ಊರಿನಲ್ಲಿ ಉಳಿಯುವುದು ಹೇಗೆ?

ಕರ್ನಾಟಕ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ನೀಡಿತು. ಸರ್ಕಾರಿ ಮತ್ತು ಖಾಸಗಿ ವಲಯದಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ ಎಂಬುದು ಅದರ ತಿರುಳು. ನೀತಿಯ ಸಾಧಕ ಬಾಧಕಗಳ ಚರ್ಚೆ ಒಂದೆಡೆ ಇರಲಿ. ಅದರ ಜೊತೆಯಲ್ಲೇ ಇನ್ನೊಂದು ಬಗೆಯ ಪ್ರಶ್ನೆಗಳೂ ಏಳುತ್ತವೆ: ರಜೆ ಅರ್ಜಿಯಲ್ಲಿ ಕಾರಣವನ್ನು ಬರೆಯುವುದು ಹೇಗೆ, ಜೊತೆಯವರು ಯಾರೂ ತೆಗೆದುಕೊಳ್ಳದಿರುವಾಗ ತಾನೊಬ್ಬಳೇ ತೆಗೆದುಕೊಂಡರೆ ಏನೆಂದುಕೊಂಡಾರು, ಕಚೇರಿಯಲ್ಲಿ ಬಾಯಿಬಿಟ್ಟು ಹೇಳಬಹುದಾದ ಮಾತನ್ನು ಮನೆಯಲ್ಲಿ ಇನ್ನೂ ಪಿಸುಮಾತಿನಲ್ಲೇ ಹೇಳಬೇಕಾಗಿರುವುದು ಏಕೆ?

ಈ ಪ್ರಶ್ನೆಗಳಲ್ಲಿ ಒಂದೂ ಮುಟ್ಟಿನ ಬಗ್ಗೆ ಆ ಮಹಿಳೆಯ ಸ್ವಂತ ಅಭಿಪ್ರಾಯವೇನು ಎಂದು ಕೇಳುತ್ತಿಲ್ಲ. ಎಲ್ಲವೂ ಉಳಿದವರ ಬಗ್ಗೆ ಆಕೆ ಮಾಡಿಕೊಂಡ ಅಂದಾಜಿಗೆ ಸಂಬಂಧಿಸಿದವು. ಒಬ್ಬ ವ್ಯಕ್ತಿ ಏನನ್ನು ಸರಿ ಎಂದು ನಂಬುತ್ತಾನೆ ಮತ್ತು ಅವನ ಸಮಾಜ ಅವನಿಂದ ಏನನ್ನು ಬಯಸುತ್ತದೆ ಎಂಬ ಎರಡು ಸಂಗತಿಗಳು ಮೇಲ್ನೋಟಕ್ಕೆ ಒಂದರ ಕೈ ಒಂದು ಹಿಡಿದು ನಡೆಯುವಂತೆ ಕಂಡರೂ, ಅವು ಎಷ್ಟು ದೂರ ಬೇರೆಯಾಗಬಲ್ಲವು ಎಂಬುದನ್ನು ಸಮಾಜಶಾಸ್ತ್ರ ಮತ್ತು ಮನಃಶಾಸ್ತ್ರಗಳು ಸುಮಾರು ನೂರು ವರ್ಷಗಳಿಂದ ಅಭ್ಯಸಿಸುತ್ತ ಬಂದಿವೆ. ಆ ಅಭ್ಯಾಸದಿಂದ ತಿಳಿದುಬಂದ ಮುಖ್ಯ ಸಂಗತಿಗಳನ್ನು ನಮ್ಮ ಮಲೆನಾಡಿನ ಉದಾಹರಣೆಗಳ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಕೊಡೆ, ಬಾಡೂಟ, ಸಾವಿನ ಮನೆ

ಆಗುಂಬೆಯ ಮಳೆಗಾಲದಲ್ಲಿ ಮನೆಯಿಂದ ಹೊರಬೀಳುವ ಎಲ್ಲರ ಕೈಯಲ್ಲೂ ಕೊಡೆ ಇರುತ್ತದೆ. ಗದ್ದೆಗೆ ಇಳಿಯುವವರ ತಲೆಯ ಮೇಲೆ ಕಂಬಳಿಕೊಪ್ಪೆಯೋ ಪ್ಲಾಸ್ಟಿಕ್ ಕೊಪ್ಪೆಯೋ ಇರುತ್ತದೆ. ಊರಿಗೆ ಊರೇ ಹೀಗೆ ಮಾಡಿದರೂ ಇದು ಸಮಾಜದ ರೂಢಿ ಎನಿಸುವುದಿಲ್ಲ, ಏಕೆಂದರೆ ಉಳಿದವರೆಲ್ಲ ನಾಳೆಯಿಂದ ಕೊಡೆ ಬಿಟ್ಟರೂ ನಾವು ಬಿಡುವವರಲ್ಲ. ನಾವು ಕೊಡೆ ಹಿಡಿಯುವುದು ಮಳೆಗೆ.

ಇನ್ನೊಬ್ಬರಿದ್ದಾರೆ, ತಮ್ಮದೇ ತೀರ್ಮಾನದಿಂದ ಮಾಂಸ ಬಿಟ್ಟವರು. ನೆಂಟರ ಮನೆಯ ಬಾಡೂಟದಲ್ಲಿ ಬರೀ ಮೊಸರನ್ನ ಉಂಡು ಎದ್ದು ಬರುತ್ತಾರೆ. ಯಾರು ನಕ್ಕರೂ, ಯಾರು ಒತ್ತಾಯಿಸಿದರೂ ಬದಲಾಗುವುದಿಲ್ಲ. ಇದು ವೈಯಕ್ತಿಕ ನಂಬಿಕೆ. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಅದರ ಬೇರು ಮಾತ್ರ ಅವರೊಳಗೇ ಇದೆ.

ಮೂರನೆಯದು ಸಾವಿನ ಮನೆ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಗೊಬ್ಬರಂತೆ ಹೋಗುವುದು, ಸೌದೆ ಒಟ್ಟುವುದಕ್ಕೆ ಕೈ ಹಚ್ಚುವುದು, ಹನ್ನೊಂದನೆಯ ದಿನಕ್ಕೋ ಹದಿಮೂರಕ್ಕೋ ಹೇಳಿಕೆ ಬಂದರೆ ಊಟಕ್ಕೆ ಹೋಗುವುದು ಇವೆಲ್ಲ ನಡೆದುಬಂದಿವೆ. ಆ ಮನೆಯವರ ಮೇಲೆ ಪ್ರೀತಿ ಇದ್ದವರೂ ಹೋಗುತ್ತಾರೆ, ಬೇಲಿಯ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟವರೂ ಹೋಗುತ್ತಾರೆ. ಎಲ್ಲರೂ ಹೋಗುತ್ತಾರೆಂದು ಗೊತ್ತಿರುವುದರಿಂದ ಹೋಗುತ್ತಾರೆ. ಹೋಗದಿದ್ದರೆ ಊರು ಆಡಿಕೊಳ್ಳುತ್ತದೆಂದು ಗೊತ್ತಿರುವುದರಿಂದಲೂ ಹೋಗುತ್ತಾರೆ. ಇದನ್ನು ಸಾಮಾಜಿಕ ರೂಢಿ ಎನ್ನಬಹುದು.

ಈ ಮೂರನ್ನೂ ಬೇರ್ಪಡಿಸಲು ವಿದ್ವಾಂಸರು ಬಳಸುವ ಪರೀಕ್ಷೆ ಸರಳವಾದುದು: ಉಳಿದವರು ಇದನ್ನು ಬಿಟ್ಟರೆ, ಮತ್ತು ನೀವು ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲವೆಂದು ಖಾತ್ರಿಯಾದರೆ, ಆಗಲೂ ನೀವು ಇದನ್ನು ಮಾಡುತ್ತೀರಾ? ಹೌದು ಎಂದಾದರೆ ಅದಕ್ಕೆ ಅನುಕೂಲವೋ ನಂಬಿಕೆಯೋ ಕಾರಣ. ಇಲ್ಲ ಎಂದಾದರೆ ಅದು ರೂಢಿ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ ಎಂಬುದೇ ಮುಂದಿನ ಗೊಂದಲಗಳಿಗೆಲ್ಲ ಮೂಲ.

ಎರಡು ನಿರೀಕ್ಷೆಗಳು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತತ್ವಶಾಸ್ತ್ರಜ್ಞೆ ಕ್ರಿಸ್ಟಿನಾ ಬಿಕಿಯೇರಿ ಅವರು ಈ ವಿಷಯಕ್ಕೆ ಬಹಳ ಸ್ಪಷ್ಟವಾದ ಒಂದು ಚೌಕಟ್ಟನ್ನು ಒದಗಿಸಿದ್ದಾರೆ. ಅವರ ಪ್ರಕಾರ ಒಂದು ರೂಢಿ ನಿಂತಿರಬೇಕಾದರೆ ಜನರ ಮನಸ್ಸಿನಲ್ಲಿ ಎರಡು ನಿರೀಕ್ಷೆಗಳು ಇರಬೇಕು. ನನ್ನಂಥವರು ಬಹುಪಾಲು ಇದನ್ನೇ ಮಾಡುತ್ತಾರೆ ಎಂಬುದು ಒಂದು. ನಾನು ಇದನ್ನು ಮಾಡಬೇಕೆಂದು ಅವರು ಬಯಸುತ್ತಾರೆ, ಮಾಡದಿದ್ದರೆ ಮುಖ ಸಿಂಡರಿಸುತ್ತಾರೆ ಎಂಬುದು ಇನ್ನೊಂದು. ಇವೆರಡರಲ್ಲೂ 'ನಾನು ಇದನ್ನು ಸರಿ ಎನ್ನುತ್ತೇನೆ' ಎಂಬ ಮಾತಿಗೆ ಜಾಗವಿಲ್ಲ ಎಂಬುದನ್ನು ಗಮನಿಸಬೇಕು. ನಂಬಿಕೆ ಇದ್ದರೆ ರೂಢಿಗೆ ಬಲ ಬರುತ್ತದೆ, ನಿಜ. ಆದರೆ ಇಲ್ಲದಿದ್ದರೂ ರೂಢಿ ನಡೆದುಕೊಂಡು ಹೋಗುತ್ತದೆ.

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ರಾಶಿ ಇಡಿ ಎಂಬ ಬಗೆಯ ಅಡಿಕೆಗೆ ಇವತ್ತಿನ ದರ ಇಷ್ಟು ಎಂದು ಯಾವ ಒಬ್ಬ ವ್ಯಾಪಾರಿಯೂ ತೀರ್ಮಾನಿಸಿರುವುದಿಲ್ಲ. ಉಳಿದವರು ಎಷ್ಟಕ್ಕೆ ಹಾಕಿಯಾರು ಎಂದು ಲೆಕ್ಕ ಹಾಕಿ ಪ್ರತಿಯೊಬ್ಬನೂ ತನ್ನ ದರ ಬರೆಯುತ್ತಾನೆ. ಈ ದರ ಅತಿಯಾಯಿತು ಎಂದು ಅವನ ಒಳಮನಸ್ಸು ಹೇಳುತ್ತಿದ್ದರೂ, ಅವನು ಬರೆಯುವ ಅಂಕಿ ಉಳಿದವರಿಗೆ ಇನ್ನೊಂದು ಸುಳಿವಾಗಿ ದರವನ್ನು ಅಲ್ಲೇ ನಿಲ್ಲಿಸುತ್ತದೆ. ರೂಢಿಯೂ ಹೀಗೆಯೇ ಯಾರೂ ಗೊತ್ತುಮಾಡದೆ, ಎಲ್ಲರೂ ಪಾಲಿಸುತ್ತ ನಿಲ್ಲುತ್ತದೆ.

ಹಿತ್ತಿಲ ಕಡೆಯ ಕೋಣೆ

ಸಾಗರದ ಕಡೆಯ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳೋಣ. ಸೊಸೆ ಪೇಟೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಮುಟ್ಟಾದ ಮೂರು ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಜನರ ನಡುವೆ ನಿಂತು ಹೋಗುತ್ತಾಳೆ, ಮಕ್ಕಳ ಪುಸ್ತಕ ತಿದ್ದುತ್ತಾಳೆ, ಮಧ್ಯಾಹ್ನ ಜೊತೆಯ ಶಿಕ್ಷಕಿಯರ ಬುತ್ತಿಯನ್ನು ಹಂಚಿಕೊಂಡು ಉಣ್ಣುತ್ತಾಳೆ. ಸಂಜೆ ಮನೆ ತಲುಪಿದವಳು ಹೆಬ್ಬಾಗಿಲಿಗೆ ಬರದೆ ಕೊಟ್ಟಿಗೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಿಲ ಕಡೆಯ ಕೋಣೆಗೆ ಹೋಗುತ್ತಾಳೆ. ಅಲ್ಲಿ ಮಡಚಿಟ್ಟ ಒಂದು ಚಾಪೆ, ಒಂದು ಕಂಬಳಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ತಟ್ಟೆ ಮತ್ತು ಲೋಟ ಇವೆ. ಅತ್ತೆ ಕಾಫಿಯ ಪಾತ್ರೆ ತಂದು, ಲೋಟಕ್ಕೆ ತಗಲದಂತೆ ಮೇಲಿನಿಂದ ಸುರಿಯುತ್ತಾರೆ. ಇಬ್ಬರೂ ಮಳೆಯ ಬಗ್ಗೆ, ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸುವುದರ ಬಗ್ಗೆ ಮಾತಾಡುತ್ತಾರೆ.

ಸೊಸೆಗೆ ಈ ಪದ್ಧತಿಯಲ್ಲಿ ನಂಬಿಕೆ ಇಲ್ಲ. ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ಪಾಲಿಸುತ್ತಾಳೆ. ಅತ್ತೆಗೂ ಈಗ ಇದರಲ್ಲಿ ಹುರುಪಿಲ್ಲ. ತಾವು ಮದುವೆಯಾಗಿ ಬಂದ ಹೊಸದರಲ್ಲಿ ಆಷಾಢದ ಚಳಿಯಲ್ಲಿ ಅದೇ ಕೋಣೆಯಲ್ಲಿ ಮಲಗಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆದರೆ ತಾವಾಗಿ 'ಬಿಟ್ಟುಬಿಡು' ಎಂದರೆ, ಪಕ್ಕದ ಮನೆಯ ದೊಡ್ಡಮ್ಮ ಏನೆಂದುಕೊಂಡಾರು ಎಂಬ ಅಳುಕು. 'ನಂಗೇನಿಲ್ಲ ಮಾರಾಯ್ತಿ, ನೋಡಿದವ್ರು ಏನಂತಾರೆ' ಎಂಬ ಮಾತು ಅವರ ನಾಲಿಗೆಯ ತುದಿಯವರೆಗೆ ಬಂದು ನಿಲ್ಲುತ್ತದೆ. ಆ ದೊಡ್ಡಮ್ಮನ ಮನೆಯಲ್ಲಾದರೋ ಸೊಸೆ ಬೆಂಗಳೂರಿನಿಂದ ಬಂದಾಗಲೆಲ್ಲ ನೇರ ಅಡುಗೆಮನೆಗೇ ಹೋಗುತ್ತಾಳೆ. ಈ ಸಂಗತಿಯನ್ನು ದೊಡ್ಡಮ್ಮ ಊರಿನಲ್ಲಿ ಬಾಯಿಬಿಟ್ಟಿಲ್ಲ.

ಈ ಪದ್ಧತಿ ಮಲೆನಾಡಿನ ಎಲ್ಲ ಸಮುದಾಯಗಳಲ್ಲೂ ಒಂದೇ ರೀತಿ ಇಲ್ಲ, ಎಷ್ಟೋ ಮನೆಗಳಲ್ಲಿ ನಿಂತೂ ಹೋಗಿದೆ. ಮನಃಪೂರ್ವಕವಾಗಿ ನಂಬಿ ಪಾಲಿಸುವವರೂ ಇದ್ದಾರೆ, ಅವರ ವಿಷಯದಲ್ಲಿ ನಂಬಿಕೆಗೂ ನಡವಳಿಕೆಗೂ ಅಂತರವೇ ಇಲ್ಲ. ಆದರೆ ಮೇಲಿನ ಮನೆಯಲ್ಲಿ ನಡೆಯುತ್ತಿರುವುದನ್ನು ನೋಡಿ. ಮೂವರು ಹೆಂಗಸರಲ್ಲಿ ಒಬ್ಬರಿಗೂ ಬೇಡವಾದುದು ಮೂವರ ಮೌನದಿಂದ ಮುಂದುವರಿಯುತ್ತಿದೆ, ಮತ್ತು ಪ್ರತಿಯೊಬ್ಬರೂ ಉಳಿದವರಿಗೆ ಅದು ಬೇಕಾಗಿದೆಯೆಂದು ಪ್ರಾಮಾಣಿಕವಾಗಿ ತಿಳಿದಿದ್ದಾರೆ.

ಅಂದಾಜು ತಪ್ಪುವುದು ಏಕೆ

ಈ ಬಗೆಯ ಸಾಮೂಹಿಕ ತಪ್ಪು ಅಂದಾಜಿಗೆ ಪ್ಲೂರಲಿಸ್ಟಿಕ್ ಇಗ್ನೊರೆನ್ಸ್ ಎಂಬ ಹೆಸರಿದೆ. 1931ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾಟ್ಸ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಅವರು ವಿದ್ಯಾರ್ಥಿಗಳ ಮನೋಭಾವಗಳನ್ನು ಅಭ್ಯಸಿಸುವಾಗ ಇದನ್ನು ಗುರುತಿಸಿದರು. ಕಾರಣ ಗೂಢವಾದುದೇನಲ್ಲ. ನಮ್ಮ ಅನುಮಾನ, ಹಿಂಜರಿಕೆ, ಬೇಸರಗಳು ನಮಗೆ ಒಳಗಿನಿಂದಲೇ ಗೊತ್ತಾಗುತ್ತವೆ. ಉಳಿದವರ ವಿಷಯದಲ್ಲಿ ನಮಗೆ ಕಾಣುವುದು ಅವರ ನಡವಳಿಕೆ ಮಾತ್ರ. ನಾನು ಮನಸ್ಸಿಲ್ಲದೆ ಮಾಡುತ್ತಿದ್ದೇನೆ, ಅವರು ಮನಸ್ಸಿಟ್ಟು ಮಾಡುತ್ತಿದ್ದಾರೆ ಎಂದು ಪ್ರತಿಯೊಬ್ಬನೂ ತೀರ್ಮಾನಿಸುತ್ತಾನೆ.

1950ರ ದಶಕದಲ್ಲಿ ಮನಃಶಾಸ್ತ್ರಜ್ಞ ಸಾಲಮನ್ ಆಶ್ ನಡೆಸಿದ ಪ್ರಯೋಗಗಳು ಈ ಒತ್ತಡದ ಬಲವನ್ನು ಅಳೆದು ತೋರಿಸಿದವು. ಒಂದು ಗೆರೆಯನ್ನು ತೋರಿಸಿ, ಅದರಷ್ಟೇ ಉದ್ದದ ಗೆರೆಯನ್ನು ಇನ್ನೊಂದು ಹಲಗೆಯ ಮೂರು ಗೆರೆಗಳಲ್ಲಿ ಗುರುತಿಸಬೇಕು. ಮಕ್ಕಳೂ ಹೇಳಬಹುದಾದಷ್ಟು ಸುಲಭದ ಕೆಲಸ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಪ್ರಯೋಗ ನಡೆಸುವವರ ಕಡೆಯವರು, ಕೆಲವು ಸುತ್ತುಗಳಲ್ಲಿ ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುವವರು. ಅಂಥ ಸುತ್ತುಗಳಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾದವರು ಕೊಟ್ಟ ಉತ್ತರಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಗುಂಪಿನ ಜೊತೆ ಹೋಗಿ ತಪ್ಪಾದವು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದುದನ್ನು ಬಿಟ್ಟು ಕೊಟ್ಟ ಉತ್ತರಗಳಿವು. ಇದಕ್ಕಿಂತ ಮುಖ್ಯವಾದ ಭಾಗವನ್ನು ಎಷ್ಟೋ ಜನ ಹೇಳುವುದೇ ಇಲ್ಲ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಮಾಡಿದಾಗ, ಜೊತೆಗೊಬ್ಬನಿದ್ದಾನೆ ಎಂಬಷ್ಟಕ್ಕೇ ಆ ತಪ್ಪುಗಳು ಬಹಳಷ್ಟು ಕಡಿಮೆಯಾದವು. ಉತ್ತರವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ಕಡಿಮೆಯಾದವು. ಅಂದರೆ ಬದಲಾಗಿದ್ದು ಹೆಚ್ಚಾಗಿ ಬಾಯಿಮಾತು. ಕಣ್ಣು ಸರಿಯಾಗಿಯೇ ನೋಡುತ್ತಿತ್ತು.

1993ರಲ್ಲಿ ಡೆಬೋರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುಡಿತದ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಕ್ಯಾಂಪಸ್ಸಿನ ಕುಡಿತ ತಮಗೆ ಅಷ್ಟು ಹಿಡಿಸುವುದಿಲ್ಲ, ಉಳಿದವರಿಗೆ ಮಾತ್ರ ಹಿಡಿಸುತ್ತದೆ ಎಂದು ವಿದ್ಯಾರ್ಥಿಗಳು ತಿಳಿದಿದ್ದರು.

ಇವೆಲ್ಲಕ್ಕಿಂತ ನಮಗೆ ಹತ್ತಿರವೆನಿಸುವುದು ಸೌದಿ ಅರೇಬಿಯಾದ ಅಧ್ಯಯನ. ಲಿಯೊನಾರ್ಡೊ ಬರ್ಸ್‌ಟಿನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ರಿಯಾದ್‌ನ ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಲಾಯಿತು: ಹೆಂಗಸರು ಮನೆಯ ಹೊರಗೆ ಉದ್ಯೋಗ ಮಾಡುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಇದೆ ಎಂದರು. ನಿಮ್ಮ ಸುತ್ತಮುತ್ತಲಿನ ಇಂಥವರೇ ಎಷ್ಟು ಜನ ಒಪ್ಪಿಯಾರು ಎಂದು ಕೇಳಿದಾಗ ಬಹುಪಾಲು ಜನ ನಿಜವಾದ ಸಂಖ್ಯೆಗಿಂತ ಕಡಿಮೆ ಅಂದಾಜು ಮಾಡಿದರು. ನಂತರ ಅವರಲ್ಲಿ ಅರ್ಧದಷ್ಟು ಜನರಿಗೆ ನಿಜ ಸಂಗತಿಯನ್ನು ತಿಳಿಸಲಾಯಿತು. ಹಾಗೆ ತಿಳಿದವರು, ತಮ್ಮ ಹೆಂಡತಿಯ ಹೆಸರನ್ನು ಉದ್ಯೋಗ ಹುಡುಕಿಕೊಡುವ ಸೇವೆಯೊಂದಕ್ಕೆ ನೋಂದಾಯಿಸುವುದಕ್ಕೆ ಉಳಿದವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮುಂದಾದರು. ಕೆಲವು ತಿಂಗಳ ನಂತರ ನೋಡಿದಾಗ ಅವರ ಹೆಂಡಂದಿರು ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಿದ್ದೂ ಹೆಚ್ಚಾಗಿತ್ತು. ಇಲ್ಲಿ ಯಾರ ನಂಬಿಕೆಯನ್ನೂ ತಿದ್ದಲು ಹೋಗಲಿಲ್ಲ. ತಿದ್ದಿದ್ದು ಪಕ್ಕದವರ ನಂಬಿಕೆಯ ಬಗ್ಗೆ ಇದ್ದ ಅಂದಾಜನ್ನು ಮಾತ್ರ.

ಮುಯ್ಯಿಯ ಊರಿನಲ್ಲಿ ಒಂಟಿಯಾಗುವ ಭಯ

ತಪ್ಪು ಅಂದಾಜು ಇದ್ದರೂ ಧೈರ್ಯ ಮಾಡಿ ನಡೆದುಬಿಡಬಹುದಲ್ಲ, ಊರಿನ ಮಾತಿಗೆ ಅಷ್ಟೇಕೆ ಹೆದರಬೇಕು ಎಂದು ಪೇಟೆಯಲ್ಲಿ ಕುಳಿತವರು ಕೇಳುತ್ತಾರೆ. ಇದು ಮಲೆನಾಡನ್ನು ತಿಳಿಯದ ಪ್ರಶ್ನೆ ಎಂದು ನನಗನ್ನಿಸುತ್ತದೆ.

ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಕಣಿವೆಗೆ ನಾಲ್ಕು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೆರಡು. ದೂರ ದೂರ ಇರುವುದರಿಂದ ಜನ ಹೆಚ್ಚು ಸ್ವತಂತ್ರರು ಎಂದು ತೋರಬಹುದು. ವಾಸ್ತವ ಇದಕ್ಕೆ ವಿರುದ್ಧ. ನಾಟಿಗೂ ಅಡಿಕೆ ಸುಲಿಯುವುದಕ್ಕೂ ಒಬ್ಬರ ಮನೆಗೆ ಇನ್ನೊಬ್ಬರು ದುಡಿದು, ಅದೇ ದುಡಿಮೆಯನ್ನು ಮರಳಿ ಪಡೆಯುವ ಮುಯ್ಯಾಳು ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ಕೂಲಿಯಾಳು ಸಿಗದ ಈ ದಿನಗಳಲ್ಲಿ ಅದರ ಅಗತ್ಯ ಕೆಲವೆಡೆ ಮತ್ತೆ ತಲೆದೋರಿದೆ. ಮಳೆಗಾಲದ ರಾತ್ರಿ ಮರ ಬಿದ್ದು ದಾರಿ ಮುಚ್ಚಿ, ಮನೆಯಲ್ಲಿ ಹೆರಿಗೆ ನೋವು ಶುರುವಾದರೆ ಮೊದಲು ಬರಬೇಕಾದವರು ಆ ಪಕ್ಕದ ಮನೆಯವರೇ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಒಬ್ಬರು ಮೂಲೆಯಲ್ಲಿ ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕವನ್ನು ಮನೆಗಳಲ್ಲಿ ಜೋಪಾನವಾಗಿ ಇಡುತ್ತಾರೆ, ಅವರ ಮನೆಯ ಮದುವೆ ಬಂದಾಗ ತೆಗೆದು ನೋಡುವುದಕ್ಕೆ.

ಇಷ್ಟು ಬಿಗಿಯಾಗಿ ಹೆಣೆದುಕೊಂಡ ಕಡೆ ರೂಢಿ ಮುರಿಯುವುದರ ಬೆಲೆ ಬರೀ ಚಾಡಿಮಾತಾಗಿ ಉಳಿಯುವುದಿಲ್ಲ. ನಾಳೆ ಆಳಿಗೆ ಹೇಳಿಕಳಿಸಿದರೆ 'ನಮ್ಮಲ್ಲೇ ಕೆಲಸ ಉಂಟು' ಎಂಬ ಉತ್ತರ ಬರಬಹುದು, ಮಗಳಿಗೆ ಸಂಬಂಧ ಕೇಳುವವರ ಸುಳಿವು ಕಡಿಮೆಯಾಗಬಹುದು. ಹಿಂದೆ ಜಾತಿಯಿಂದ ಹೊರಹಾಕುವ ಬಹಿಷ್ಕಾರದ ಶಿಕ್ಷೆ ಅಷ್ಟೊಂದು ಭಯಂಕರವಾಗಿದ್ದದ್ದೂ ಇದೇ ಕಾರಣಕ್ಕೆ. ನೀರು, ಬೆಂಕಿ, ದುಡಿಮೆ, ಮದುವೆ, ಹೆಣ ಹೊರುವ ಹೆಗಲು ಎಲ್ಲವೂ ಒಂದೇ ಏಟಿಗೆ ಇಲ್ಲವಾಗುತ್ತಿದ್ದವು. ಆದ್ದರಿಂದ ಮನಸ್ಸು ಒಪ್ಪದ ರೂಢಿಯನ್ನು ಪಾಲಿಸುವವರನ್ನು ಹೇಡಿಗಳೆಂದೋ ಕಪಟಿಗಳೆಂದೋ ಕರೆಯುವುದು ಅವಸರದ ಮಾತಾಗುತ್ತದೆ. ಅವರು ಹಾಕಿದ ಲೆಕ್ಕದಲ್ಲಿ ತಪ್ಪಿರಬಹುದು, ಲೆಕ್ಕ ಹಾಕಿದ್ದು ಮಾತ್ರ ತಪ್ಪಲ್ಲ.

ರೂಢಿ ಮುಂದೆ, ಮನಸ್ಸು ಹಿಂದೆ

ಇಲ್ಲಿಯವರೆಗಿನ ಉದಾಹರಣೆಗಳಿಂದ ವ್ಯಕ್ತಿಯ ಮನಸ್ಸು ಸದಾ ಉದಾರವಾದುದು, ಸಮಾಜವೇ ಅದನ್ನು ಕಟ್ಟಿಹಾಕುವುದು ಎಂಬ ಭಾವನೆ ಬರಬಹುದು. ತಿರುವುಮುರುವಾಗಿಯೂ ಇರುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿ ಏಳು ದಶಕಗಳು ಕಳೆದಿವೆ. ಪೇಟೆಯ ಹೋಟೆಲಿನಲ್ಲಿ ಪಕ್ಕದ ಕುರ್ಚಿಯವನ ಜಾತಿ ಕೇಳುವುದು ಅಸಭ್ಯವೆಂಬ ರೂಢಿ ಈಗ ಗಟ್ಟಿಯಾಗಿದೆ. ಅದೇ ಹೋಟೆಲಿನಲ್ಲಿ ಎಲ್ಲರೊಡನೆ ಕೂತು ಉಂಡವರು ಮನೆಯ ಜಗಲಿಯಲ್ಲಿ ಕೆಲಸದವರಿಗೆ ಬೇರೆ ಲೋಟ ಇಟ್ಟಿರಬಹುದು. ಇಲ್ಲಿ ಬದಲಾಗದೆ ಉಳಿದಿರುವುದು ಮನಸ್ಸು. ಹೊರಗಿನ ರೂಢಿ ಅದನ್ನು ತಡೆಹಿಡಿದಿದೆ.

ಸಮೀಕ್ಷೆಗಳಿಗೆ ಜನ ಕೊಡುವ ಉತ್ತರವನ್ನು ಓದುವಾಗ ಈ ಎಚ್ಚರ ಬೇಕು. ಫಾರಂ ಹಿಡಿದು ಬಾಗಿಲಿಗೆ ಬಂದ ಅಪರಿಚಿತರಿಗೆ ಜನ ಸಾಮಾನ್ಯವಾಗಿ ಹೇಳುವುದು ಹೇಳಿದರೆ ಚೆನ್ನಾಗಿ ಕಾಣುವುದನ್ನು. ವರದಕ್ಷಿಣೆ ತೆಗೆದುಕೊಂಡಿರಾ ಎಂಬ ಪ್ರಶ್ನೆಗೆ ಹೌದೆನ್ನುವವರು ಎಷ್ಟು ಜನ?

ಬದಲಾವಣೆ ಬರುವ ದಾರಿಗಳು

ರೂಢಿಯ ಬೇರು ನಂಬಿಕೆಯಲ್ಲಿಲ್ಲದೆ ನಿರೀಕ್ಷೆಯಲ್ಲಿದ್ದರೆ, ಒಬ್ಬೊಬ್ಬರನ್ನೇ ಕೂರಿಸಿ ಬುದ್ಧಿ ಹೇಳುವುದರಿಂದ ಅದು ಅಲುಗುವುದಿಲ್ಲ. ಇದಕ್ಕೆ ಎಲ್ಲೆಡೆ ಉದಾಹರಿಸುವ ಪ್ರಸಂಗ ಚೀನಾದ ಪಾದ ಕಟ್ಟುವ ಪದ್ಧತಿಯದು. ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಟ್ಟೆ ಬಿಗಿದು ಕಟ್ಟುವುದು ಅಲ್ಲಿ ಶತಮಾನಗಳ ಕಾಲ ನಡೆದಿತ್ತು. ಅದು ನೋವಿನದೆಂದು ತಾಯಂದಿರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಕಟ್ಟದಿದ್ದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಭಯ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹುಟ್ಟಿಕೊಂಡ ಸಂಘಗಳು ಈ ಗಂಟನ್ನೇ ಗುರುತಿಸಿದವು. ಸದಸ್ಯರಾದ ಪೋಷಕರು ಮಗಳ ಪಾದ ಕಟ್ಟುವುದಿಲ್ಲವೆಂದೂ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲವೆಂದೂ ಒಟ್ಟಿಗೆ ಪ್ರತಿಜ್ಞೆ ಮಾಡಿದರು. ಎರಡನೆಯ ಪ್ರತಿಜ್ಞೆ ಇಲ್ಲದೆ ಮೊದಲನೆಯದಕ್ಕೆ ಅರ್ಥವಿರಲಿಲ್ಲ. ಅಷ್ಟು ಹಳೆಯ ಪದ್ಧತಿ ಬಹುಪಾಲು ಪ್ರದೇಶಗಳಲ್ಲಿ ಒಂದು ತಲೆಮಾರಿನೊಳಗೆ ಕುಸಿಯಿತು ಎಂದು ರಾಜಕೀಯ ವಿಜ್ಞಾನಿ ಗೆರಿ ಮ್ಯಾಕಿ 1996ರಲ್ಲಿ ವಿವರಿಸಿದರು.

ನಮ್ಮಲ್ಲಿ ಇದರೊಡನೆ ಇಟ್ಟು ನೋಡಬೇಕಾದುದು ಮಂತ್ರಮಾಂಗಲ್ಯ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ಆಡಂಬರ, ಜಾತಕ, ವರದಕ್ಷಿಣೆಗಳನ್ನು ಬಿಟ್ಟು, ವಧೂವರರು ಸ್ವತಃ ಪ್ರತಿಜ್ಞೆ ಸ್ವೀಕರಿಸುವ ಸರಳ ವಿವಾಹ ಕ್ರಮವನ್ನು ರೂಪಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಈ ಕ್ರಮದಲ್ಲೇ ನಡೆಯಿತು. ಮಲೆನಾಡಿನಲ್ಲಿ ಅದನ್ನು ಗೌರವದಿಂದ ನೆನೆಯದವರು ಕಡಿಮೆ. ಹಾಗೆ ನೆನೆಯುವವರೇ ಸಾಲ ಮಾಡಿ ಕಲ್ಯಾಣ ಮಂಟಪ ಹಿಡಿಯುವುದನ್ನೂ ಕಾಣುತ್ತೇವೆ. ಕುವೆಂಪು ಅವರ ಮಾತು ಮನಸ್ಸುಗಳನ್ನು ತಲುಪಿತು. 'ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೆ' ಎಂಬ ಹೆಣ್ಣಿನ ಕಡೆಯವರ ಅಳುಕನ್ನೂ, 'ಹೆಣ್ಣಿನ ಕಡೆಯವರಿಗೆ ಅವಮಾನವಾದೀತು' ಎಂಬ ಗಂಡಿನ ಕಡೆಯವರ ಅಳುಕನ್ನೂ ಕಳೆಯುವುದಕ್ಕೆ ಮಾತಿನ ಜೊತೆಗೆ ಒಂದು ಬಳಗವೂ ಬೇಕಿತ್ತು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಸರಳ ಮದುವೆಗಳನ್ನು ತನ್ನ ಚಳವಳಿಯ ಭಾಗ ಮಾಡಿಕೊಂಡಾಗ ಅಂಥ ಬಳಗ ಸಿಕ್ಕಿತು. ಎರಡೂ ಕಡೆಯವರು ಹಸಿರು ಶಾಲಿನವರೇ ಆದರೆ ಯಾರು ಯಾರಿಗೆ ಹೆದರಬೇಕು? ಬಳಗ ಇದ್ದಷ್ಟು ಅಗಲಕ್ಕೆ ರೂಢಿಯೂ ಹಬ್ಬಿತು, ಅದರಾಚೆಗೆ ವಿಶೇಷ ಪ್ರಸಂಗವಾಗಿಯೇ ಉಳಿಯಿತು.

ಕಾಗೋಡು ಸತ್ಯಾಗ್ರಹವನ್ನೂ ಈ ಕಣ್ಣಿನಿಂದ ನೋಡಬಹುದು. ಸಾಗರ ತಾಲ್ಲೂಕಿನ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರು, ಗೇಣಿ ಅಳೆಯುವಾಗ ಭೂಮಾಲೀಕರು ದೊಡ್ಡ ಕೊಳಗ ಬಳಸುತ್ತಾರೆಂಬುದನ್ನು ಬಲ್ಲವರೇ ಆಗಿದ್ದರು. ಅದು ನ್ಯಾಯವೆಂದು ಅವರು ನಂಬಿದ್ದರೆನ್ನುವುದಕ್ಕೆ ಆಧಾರವಿಲ್ಲ, ಆದರೂ ತಲೆಬಾಗಿ ಅಳೆಯುತ್ತಿದ್ದರು. ಒಬ್ಬ ಎದುರಾಡಿದ್ದರೆ ಅವನ ಗೇಣಿ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿ, 1951ರಲ್ಲಿ ಸತ್ಯಾಗ್ರಹ ಶುರುವಾಗಿ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿ, ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದಾಗ, ಪ್ರತಿಯೊಬ್ಬ ಗೇಣಿದಾರನಿಗೂ ತನ್ನ ಮನಸ್ಸಿನಲ್ಲಿದ್ದುದೇ ಉಳಿದವರ ಮನಸ್ಸಿನಲ್ಲೂ ಇತ್ತೆಂಬುದು ಎಲ್ಲರೆದುರು ಗೊತ್ತಾಯಿತು. ಸಾಲುಗಟ್ಟಿ ನಡೆದು ಜೈಲಿಗೆ ಹೋಗುವುದು ಬೇಡಿಕೆ ಮುಂದಿಡುವ ರೀತಿಯಾಗಿರುವಂತೆಯೇ, ಯಾರು ಯಾರು ಹೀಗೆ ಯೋಚಿಸುತ್ತಾರೆಂದು ಪರಸ್ಪರ ಕಾಣಿಸಿಕೊಳ್ಳುವ ರೀತಿಯೂ ಆಗಿರುತ್ತದೆ. ಹೊರಗಿನವರಿಗೆ ಇಂಥ ಚಳವಳಿಗಳು ಏಕಾಏಕಿ ಸಿಡಿದಂತೆ ತೋರುವುದು, ಅದುವರೆಗಿನ ಮೌನವನ್ನು ಒಪ್ಪಿಗೆಯೆಂದು ಓದಿಕೊಂಡದ್ದರಿಂದ.

ಕಾನೂನಿನ ಪಾತ್ರವೇನು? 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬಂದ ಮಾತ್ರಕ್ಕೆ ವರದಕ್ಷಿಣೆ ನಿಲ್ಲಲಿಲ್ಲ. ಕೊಡುವವರು, ಕೊಳ್ಳುವವರು ಇಬ್ಬರೂ ನಿರೀಕ್ಷಿಸುವುದನ್ನು ಹೊರಗಿನಿಂದ ತಡೆಯುವುದು ಕಷ್ಟ. ಆದರೆ ಮನಸ್ಸು ಈಗಾಗಲೇ ಬದಲಾಗಿರುವ ಕಡೆ ಕಾನೂನು ಬೇರೊಂದು ಬಗೆಯಲ್ಲಿ ನೆರವಾಗುತ್ತದೆ, ನೆಪವಾಗಿ. ಮಗಳ ಮದುವೆಯನ್ನು 18ಕ್ಕೆ ಮುಂಚೆ ಮಾಡಲು ಇಷ್ಟವಿಲ್ಲದ ತಂದೆ, ಒತ್ತಾಯಿಸುವ ಹಿರಿಯರೆದುರು ತನ್ನ ಅಭಿಪ್ರಾಯ ಹೇಳಿದರೆ ಅದು ಎದುರುತ್ತರವಾಗುತ್ತದೆ. 'ಕೇಸಾಗ್ತದೆ, ಎಲ್ರೂ ಸ್ಟೇಷನ್ನಿಗೆ ಹೋಗ್ಬೇಕಾಗ್ತದೆ' ಎಂದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಪರಿಸ್ಥಿತಿಯೂ ಕೆಲವೊಮ್ಮೆ ತಾನೇ ಕೆಲಸ ಮಾಡಿಬಿಡುತ್ತದೆ. ತೋಟ ನೋಡಿಕೊಂಡು ಊರಿನಲ್ಲೇ ಉಳಿದ ಅಡಿಕೆ ಬೆಳೆಗಾರರ ಮಕ್ಕಳಿಗೆ ಹೆಣ್ಣು ಸಿಗದಿರುವುದು ಮಲೆನಾಡಿನ ಮನೆಮನೆಯ ಮಾತು. ಜಾತಕ ಕೂಡಬೇಕು, ಒಳಪಂಗಡವೇ ಆಗಬೇಕು, ಖರ್ಚು ಹೆಣ್ಣಿನ ಕಡೆಯವರದೇ ಎಂಬ ಬಿಗಿಗಳು ಇಂಥ ಎಷ್ಟೋ ಮನೆಗಳಲ್ಲಿ ಯಾವ ಭಾಷಣವೂ ಇಲ್ಲದೆ ಸಡಿಲವಾಗಿವೆ. ಇದಕ್ಕೆ ಸುಧಾರಣೆ ಎಂಬ ಹೆಸರು ಕೊಡಲು ನಾನು ಹಿಂಜರಿಯುತ್ತೇನೆ, ಆದರೆ ರೂಢಿ ಬದಲಾಗಿರುವುದಂತೂ ಹೌದು.

ಅಂತರವನ್ನು ಕಂಡುಕೊಳ್ಳುವುದು ಹೇಗೆ

ಒಂದು ಊರಿನಲ್ಲಿ ತಿಥಿ ಊಟದ ಖರ್ಚು ಅತಿಯಾಗಿದೆ ಎಂದುಕೊಳ್ಳೋಣ. ಸ್ವಸಹಾಯ ಸಂಘವೋ ಯುವಕ ಮಂಡಲವೋ ಇದರ ಬಗ್ಗೆ ಏನಾದರೂ ಮಾಡಬೇಕೆಂದರೆ, ಬೇಕು ಬೇಡ ಎಂದು ಕೈ ಎತ್ತಿಸುವುದರಿಂದ ಏನೂ ತಿಳಿಯುವುದಿಲ್ಲ. ಎಲ್ಲರೂ ಮೊದಲು ಯಾರ ಕೈ ಏಳುತ್ತದೆಂದು ನೋಡುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಮೂರು. ಇಷ್ಟು ದೊಡ್ಡ ಊಟ ಹಾಕುವುದು ಅಗತ್ಯವೆಂದು ನೀವು ಭಾವಿಸುತ್ತೀರಾ? ಊರಿನ ಹತ್ತು ಮನೆಗಳಲ್ಲಿ ಎಷ್ಟು ಮನೆಯವರು ಮುಂದೆಯೂ ಹಾಕಿಯಾರು? ಹಾಕದವರನ್ನು ಆ ಹತ್ತರಲ್ಲಿ ಎಷ್ಟು ಮನೆಯವರು ಹಳಿದಾರು? ಮೊದಲನೆಯದು ನಂಬಿಕೆಯನ್ನು, ಉಳಿದೆರಡು ನಿರೀಕ್ಷೆಗಳನ್ನು ಹೊರತರುತ್ತವೆ.

ಮೊದಲನೆಯದಕ್ಕೆ ಹೆಚ್ಚಿನವರು ಹೌದೆಂದರೆ ಅಲ್ಲಿ ನಂಬಿಕೆಯೇ ಇದೆ, ಅದನ್ನು ಮಾತುಕತೆಯಿಂದ, ವಾದದಿಂದ ಮಾತ್ರ ಮುಟ್ಟಬಹುದು. ಹೆಚ್ಚಿನವರು ಇಲ್ಲವೆಂದು, ಉಳಿದೆರಡಕ್ಕೆ ಎಂಟು ಒಂಬತ್ತು ಎಂದು ಬರೆದರೆ, ಊರು ತನ್ನನ್ನೇ ತಪ್ಪಾಗಿ ತಿಳಿದಿದೆ. ಆಗ ಉಪದೇಶದ ಬದಲು ಈ ಉತ್ತರಗಳ ಮೊತ್ತವನ್ನೇ ಸಭೆಯಲ್ಲಿ ಓದಿ ಹೇಳಿದರೆ ಹೆಚ್ಚು ಪರಿಣಾಮವಾಗುತ್ತದೆ. ಉತ್ತರ ಕೊಟ್ಟವರು ಯಾರೆಂದು ಗೊತ್ತಾಗದಿರುವುದು ಇದಕ್ಕೆಲ್ಲ ಮೊದಲ ಷರತ್ತು. ನಾಲ್ವತ್ತು ಮನೆಯ ಊರಿನಲ್ಲಿ ಕೈಬರಹ ನೋಡಿದರೇ ಯಾರದೆಂದು ತಿಳಿದುಬಿಡುತ್ತದೆಯಾದ್ದರಿಂದ, ಬರೆಸುವುದಕ್ಕಿಂತ ಅಚ್ಚು ಹಾಕಿಸಿದ ಚೀಟಿಯಲ್ಲಿ ಗುರುತು ಹಾಕಿಸುವುದು, ಮುಚ್ಚಿದ ಡಬ್ಬಿಗೆ ಹಾಕಿಸುವುದು, ಮತ್ತು ಎಣಿಸುವುದಕ್ಕೆ ಪಕ್ಕದ ಊರಿನವರನ್ನು ಕರೆಯುವುದು ಒಳ್ಳೆಯದು.